ಮದರಂಗಿಯ ಕೆಂಪು, ಕೋಶದ ಉಸಿರು

ಗಿಡದಲ್ಲಿರುವ ಮದರಂಗಿ ಎಲೆಯನ್ನು ಎಷ್ಟು ಸವರಿದರೂ ಕೈಗೆ ಬಣ್ಣ ಹತ್ತುವುದಿಲ್ಲ. ಅದನ್ನೇ ಅರೆದು, ಕೊಂಚ ಹುಳಿ ಬೆರೆಸಿ ಹಚ್ಚಿದರೆ ಅಂಗೈ ಕೆಂಪೇರುತ್ತದೆ. ಆಮೇಲೆ ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಎಲೆಯೊಳಗೆ ಬಣ್ಣದ ಮೂಲವಸ್ತು ಸಕ್ಕರೆಯೊಂದಿಗೆ ಬೆಸೆದುಕೊಂಡು ತೆಪ್ಪಗಿರುತ್ತದೆ. ಅರೆದಾಗ ಕೋಶಗಳು ಒಡೆದು ಕಿಣ್ವಗಳು ಸಕ್ಕರೆಯ ಕೊಂಡಿಯನ್ನು ಕತ್ತರಿಸುತ್ತವೆ. ಉಳಿದ ಭಾಗ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಲಾಸೋನ್ ಆಗುತ್ತದೆ. ಈ ಲಾಸೋನ್ ಚರ್ಮದ ಮೇಲೆ ಬರೀ ಬಳಿದುಕೊಂಡು ಕೂರುವುದಿಲ್ಲ, ಅಲ್ಲಿನ ಕೆರಟಿನ್ ಪ್ರೋಟೀನಿನ ಜೊತೆ ರಾಸಾಯನಿಕ ಬಂಧವನ್ನೇ ಕಟ್ಟಿಕೊಳ್ಳುತ್ತದೆ. ಆ ಪದರ ಸವೆದು ಉದುರಿದಾಗಲೇ ಬಣ್ಣ ಹೋಗುವುದು. ಉಗುರಿನ ಕೆಂಪಂತೂ ಉಗುರು ಬೆಳೆದು ಕತ್ತರಿಸುವವರೆಗೆ ಬಿಡುವುದಿಲ್ಲ.

ಲಾಸೋನ್ ಕ್ವಿನೋನ್‌ಗಳ ಬಳಗಕ್ಕೆ ಸೇರಿದ್ದು. ಆರು ಇಂಗಾಲದ ಒಂದು ಉಂಗುರ, ಅದಕ್ಕೆ ದ್ವಿಬಂಧದಲ್ಲಿ ಅಂಟಿದ ಎರಡು ಆಮ್ಲಜನಕ: ಕ್ವಿನೋನಿನ ತಿರುಳು ಇಷ್ಟೇ. ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವುದರಿಂದ ಉಂಗುರಕ್ಕೆ ಸದಾ ಎಲೆಕ್ಟ್ರಾನಿನ ಕೊರತೆ. ಅದನ್ನು ತುಂಬಿಕೊಳ್ಳಲು ಎರಡು ದಾರಿಗಳಿವೆ. ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಪಡೆದು ಹೈಡ್ರೋಕ್ವಿನೋನ್ ಆಗಬಹುದು, ಮುಂದೆ ಅವನ್ನು ಬೇರೊಂದು ಅಣುವಿಗೆ ದಾಟಿಸಿ ಮೊದಲಿನಂತಾಗಬಹುದು. ಇಲ್ಲವೇ ಪ್ರೋಟೀನುಗಳಲ್ಲಿರುವ ಗಂಧಕ ಅಥವಾ ಸಾರಜನಕದ ಪರಮಾಣುವಿಗೆ ಗಟ್ಟಿಯಾಗಿ ಅಂಟಿಕೊಳ್ಳಬಹುದು. ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಅದು ಇರುವ ಜಾಗ ನಿರ್ಧರಿಸುತ್ತದೆ. ಹಾಗಾಗಿ ಕ್ವಿನೋನ್‌ಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ಮೊದಲ ದಾರಿಯ ದೊಡ್ಡ ಉದಾಹರಣೆ ನಮ್ಮ ಪ್ರತಿ ಉಸಿರಿನ ಹಿಂದೆಯೂ ಇದೆ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಕ್ರೇನ್ ಮತ್ತು ಜೊತೆಗಾರರು ದನದ ಹೃದಯದ ಮೈಟೋಕಾಂಡ್ರಿಯಗಳಿಂದ ಹಳದಿ ವಸ್ತುವೊಂದನ್ನು ಬೇರ್ಪಡಿಸಿದರು. ಅದೇ ಇಂದು ಔಷಧದಂಗಡಿಯಲ್ಲಿ ಕೋಎನ್‌ಜೈಮ್ ಕ್ಯೂ10 ಎಂದು ಮಾರಾಟವಾಗುವ ಯುಬಿಕ್ವಿನೋನ್. ಉಂಗುರಕ್ಕೆ ಐವತ್ತು ಇಂಗಾಲಗಳ ಉದ್ದನೆಯ ಬಾಲವಿರುವುದರಿಂದ ಅದು ಮೈಟೋಕಾಂಡ್ರಿಯದ ಜಿಡ್ಡಿನ ಒಳಪೊರೆಯೊಳಗೇ ಓಡಾಡಿಕೊಂಡಿರುತ್ತದೆ. ಉಂಡ ಅನ್ನದಿಂದ ಕಿತ್ತ ಎಲೆಕ್ಟ್ರಾನುಗಳನ್ನು ಒಂದು ದಡದಲ್ಲಿ ಹತ್ತಿಸಿಕೊಂಡು ಇನ್ನೊಂದು ದಡದಲ್ಲಿ ಇಳಿಸುವ ದೋಣಿ ಅದು. ಈ ಸಾಗಾಟದ ನಡುವೆ ಪ್ರೋಟಾನುಗಳೂ ಪೊರೆಯಾಚೆ ಸೇರುವುದು ಹೇಗೆಂದು ಬ್ರಿಟನ್ನಿನ ಪೀಟರ್ ಮಿಚೆಲ್ 1975ರಲ್ಲಿ ವಿವರಿಸಿದರು. ಅದಕ್ಕೂ ಮೊದಲೇ, ಆಚೆ ಸೇರಿದ ಪ್ರೋಟಾನುಗಳು ಮರಳಿ ಬರುವಾಗ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ತಯಾರಾಗುತ್ತದೆ ಎಂಬ ಸಿದ್ಧಾಂತವನ್ನು ಅವರು ಮುಂದಿಟ್ಟಿದ್ದರು. ಅದಕ್ಕೆ 1978ರ ನೊಬೆಲ್ ಬಂತು. ಬಹುಪಾಲು ವಿಜ್ಞಾನಿಗಳು ವರ್ಷಗಟ್ಟಲೆ ಒಪ್ಪದ ವಿಚಾರವನ್ನು ಅವರು ಕಾರ್ನ್‌ವಾಲ್‌ನ ಹಳೆಯ ಬಂಗಲೆಯೊಂದರಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡು ಬೆಳೆಸಿದರು.

ಹಸಿರೆಲೆಯಲ್ಲಿ ಇದೇ ಕೆಲಸ ಪ್ಲಾಸ್ಟೋಕ್ವಿನೋನಿನದು. ಮೆಕ್ಕೆಜೋಳದ ಹೊಲಕ್ಕೆ ಹೊಡೆಯುವ ಅಟ್ರಾಜಿನ್ ಎಂಬ ಕಳೆನಾಶಕ ಪ್ಲಾಸ್ಟೋಕ್ವಿನೋನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಎಲೆಕ್ಟ್ರಾನುಗಳ ಹರಿವು ನಿಲ್ಲುತ್ತದೆ, ಎಲೆ ಹೀರಿದ ಬೆಳಕಿನ ಶಕ್ತಿಗೆ ಹೋಗಲು ದಾರಿಯಿಲ್ಲದೆ ಅದು ಎಲೆಯನ್ನೇ ಸುಡುತ್ತದೆ. ಕಳೆ ಸಾಯುವುದು ತನ್ನನ್ನು ಸಾಕಬೇಕಿದ್ದ ಬಿಸಿಲಿನಿಂದ. ಮೆಕ್ಕೆಜೋಳದ ಗಿಡ ಮಾತ್ರ ಗ್ಲುಟಾಥಯೋನ್ ಎಂಬ ಗಂಧಕವುಳ್ಳ ಪುಟ್ಟ ಅಣುವನ್ನು ಅಟ್ರಾಜಿನ್‌ಗೆ ಜೋಡಿಸಿ ಅದರ ವಿಷ ಇಳಿಸಿಕೊಳ್ಳುತ್ತದೆ.

ಗ್ಲುಟಾಥಯೋನ್ ನಮ್ಮನ್ನೂ ಕಾಯುತ್ತದೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಸ್ವಲ್ಪ ಭಾಗ ಯಕೃತ್ತಿನಲ್ಲಿ ಕ್ವಿನೋನಿನ ಹತ್ತಿರದ ಸಂಬಂಧಿಯಾದ ಕ್ವಿನೋನ್ ಇಮೈನ್ ಆಗಿ ಬದಲಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ನುಂಗಿದ್ದರೆ ಗ್ಲುಟಾಥಯೋನ್ ಅದನ್ನು ಹಿಡಿದು ಹೊರಗೆ ಕಳಿಸುತ್ತದೆ. ಮಿತಿ ಮೀರಿ ನುಂಗಿದರೆ ಗ್ಲುಟಾಥಯೋನ್ ಮುಗಿದುಹೋಗುತ್ತದೆ; ಆಗ ಅದು ಯಕೃತ್ತಿನ ಪ್ರೋಟೀನುಗಳಿಗೆ ಅಂಟಿ ಕೋಶಗಳನ್ನು ಕೊಲ್ಲುತ್ತದೆ. ಅಂಗೈಯಲ್ಲಿ ಸತ್ತ ಕೋಶಗಳ ಪದರಕ್ಕೆ ಅಂಟಿದಾಗ ಅಲಂಕಾರವಾಗುವ ಕ್ರಿಯೆ ಜೀವಂತ ಕೋಶದಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ತಡಮಾಡದೆ ಆಸ್ಪತ್ರೆ ಸೇರಿದವರಿಗೆ ಕೊಡುವ ಅಸಿಟೈಲ್ ಸಿಸ್ಟೀನ್ ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ.

ಮದರಂಗಿಯ ವಿಷಯದಲ್ಲೂ ಎರಡು ಎಚ್ಚರಿಕೆ ಹೇಳಲೇಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಗೂಸುಗಳ ಮೈಗೆ ಹಚ್ಚಿದಾಗ ಲಾಸೋನ್ ತೆಳು ಚರ್ಮದೊಳಗೆ ಇಳಿದು ಕೆಂಪು ರಕ್ತಕಣಗಳನ್ನು ಒಡೆದಿರುವ ಪ್ರಕರಣಗಳು ದಾಖಲಾಗಿವೆ. ಇನ್ನು, ಬೇಗ ಕಡುಕಪ್ಪಾಗಲೆಂದು ಕೆಲವು ಕಪ್ಪು ಮೆಹಂದಿಗೆ ಬೆರೆಸುವ ಪಿಪಿಡಿ ಎಂಬ ಕೂದಲಬಣ್ಣದ ರಾಸಾಯನಿಕವೂ ಗಾಳಿಗೆ ಕ್ವಿನೋನ್‌ನಂಥದೇ ವಸ್ತುವಾಗಿ ಚರ್ಮದ ಪ್ರೋಟೀನಿಗೆ ಅಂಟುತ್ತದೆ. ಬೊಬ್ಬೆಯೆದ್ದು ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಬಂತೆಂದರೆ ಅದು ಬದುಕಿಡೀ ಕಾಡಬಹುದು.

ಮಗು ಹುಟ್ಟಿದೊಡನೆ ತೊಡೆಗೆ ಕೊಡುವ ವಿಟಮಿನ್ ಕೆ ಚುಚ್ಚುಮದ್ದು ಕೂಡ ಕ್ವಿನೋನೇ. ಇದನ್ನು ಕಂಡುಹಿಡಿದ ಹೆನ್ರಿಕ್ ಡಾಮ್ ಮತ್ತು ಇದರ ರಾಸಾಯನಿಕ ಸ್ವರೂಪ ಬಿಡಿಸಿದ ಎಡ್ವರ್ಡ್ ಡಾಯ್ಸಿಗೆ 1943ರ ನೊಬೆಲ್ ಸಂದಿತು. ಸೊಪ್ಪಿನ ಎಲೆಯಲ್ಲಿ ಎಲೆಕ್ಟ್ರಾನ್ ಸಾಗಿಸುತ್ತಿದ್ದ ಈ ಅಣು ನಮ್ಮ ಮೈ ಸೇರಿದ ಮೇಲೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಸಜ್ಜುಗೊಳಿಸುತ್ತದೆ. ಪ್ರತಿ ಸಲವೂ ಎಲೆಕ್ಟ್ರಾನ್ ಕಳೆದುಕೊಳ್ಳುವ ಅದನ್ನು ಕಿಣ್ವವೊಂದು ಮತ್ತೆ ತುಂಬಿ ಕೆಲಸಕ್ಕೆ ಹಚ್ಚುತ್ತದೆ. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ವಾರ್ಫರಿನ್ ಆ ಕಿಣ್ವವನ್ನೇ ತಡೆಯುತ್ತದೆ. ಅವರಿಗೆ ವೈದ್ಯರು ಸೊಪ್ಪು ಬಿಡಿ ಎನ್ನುವುದಿಲ್ಲ, ಒಂದು ದಿನ ಹೆಚ್ಚು ಇನ್ನೊಂದು ದಿನ ಕಡಿಮೆ ಮಾಡದೆ ದಿನವೂ ಹೆಚ್ಚುಕಮ್ಮಿ ಅಷ್ಟೇ ತಿನ್ನಿ ಎನ್ನುತ್ತಾರೆ.