ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು

ನಾನು ರಾಯಚೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದು 19 ವರ್ಷವಾಯಿತು. ಇಲ್ಲಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಆರನೇ ತರಗತಿಯಲ್ಲಿ 38 ಮಕ್ಕಳು. ಹೆಚ್ಚಿನವರ ಮನೆಮಾತು ತೆಲುಗು, ಆಮೇಲೆ ಹೈದರಾಬಾದಿ ಉರ್ದುವಿನವರು, ಐದಾರು ಮಂದಿ ನಮ್ಮ ಯಾದಗಿರಿ, ಕಲಬುರಗಿ ಕಡೆಯವರು. ಕಾಚಿಗುಡದಲ್ಲಿ ನೃಪತುಂಗ ಶಾಲೆ ಇದೆಯಲ್ಲ ಎಂದು ನೀವು ಕೇಳಬಹುದು. ಕಟ್ಟಡದ ಕೆಲಸ ಸಿಕ್ಕ ಕಡೆ ಶೆಡ್ ಹಾಕಿಕೊಳ್ಳುವವರಿಗೆ ಕಾಚಿಗುಡ ದೂರ. ಹತ್ತಿರದ ಶಾಲೆಯೇ ಅವರ ಶಾಲೆ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. 2018ರ ಕಾನೂನಿನಿಂದ ತೆಲುಗು ಕಡ್ಡಾಯ, ಜೊತೆಗೆ ಹಿಂದಿ. ಮನೆಯ ಮಾತಿಗೆ ಅಲ್ಲಿ ಜಾಗವಿಲ್ಲ.

ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ, ತ್ರಿಭುಜಕ್ಕೆ ಎಷ್ಟು ಬದಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಎದ್ದುನಿಂತು, "ಮೂರ್ ಬಾಜು, ಟೀಚರ್" ಎಂದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಕ್ಕು, "ಇಂಗ್ಲಿಷಿನಲ್ಲಿ ಹೇಳಪ್ಪ" ಅಂದೆ. ಅವನು ಕೂತ. ಮತ್ತೆ ಏಳಲಿಲ್ಲ. ದಸರಾ ಮುಗಿಯುವಷ್ಟರಲ್ಲಿ ಅಪ್ಪನ ಕೆಲಸ ಮುಗಿದು ಊರೋ ಬೇರೆ ಸೈಟೋ, ಹೊರಟುಹೋದರು. ಉತ್ತರ ಸರಿಯಾಗಿತ್ತು ಎಂದು ಅವನಿಗೆ ಹೇಳಲೇ ಇಲ್ಲವಲ್ಲ ಎಂಬುದು ನನಗೆ ಹೊಳೆದದ್ದು ಅವನ ಜಾಗ ಖಾಲಿಯಾದ ಮೇಲೆ.

ಇದು ನಮ್ಮ ಭಾಗದವರಿಗೆ ಹೊಸ ಕಥೆಯೇನಲ್ಲ. ನಿಜಾಮರ ಕಾಲದಲ್ಲಿ ನಮ್ಮ ತಾತ ಓದಿದ್ದು ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೇ ಉರ್ದು ಮಾಧ್ಯಮ ಇದ್ದ ಮೇಲೆ ಕೆಳಗಿನ ಶಾಲೆಗಳ ಮಾತೇನು! ತಾತನಿಗೆ ನೆನಪಿದ್ದದ್ದು ಒಬ್ಬರೇ ಮೇಷ್ಟ್ರು. ಪಾಠ ಉರ್ದುವಿನಲ್ಲಿ ಮುಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, "ಈಗ ಕನ್ನಡದಾಗ ಕೇಳ್ರಿ" ಎನ್ನುತ್ತಿದ್ದರಂತೆ. ತಾತ 80 ದಾಟಿದ ಮೇಲೂ ಅವರ ಹೆಸರು ಹೇಳುವಾಗ ಕೂತಲ್ಲೇ ನೆಟ್ಟಗಾಗುತ್ತಿದ್ದರು.

ಆ ಹುಡುಗ ಹೋದ ಮೇಲೆ ನಾನು ಬದಲಿಸಿಕೊಂಡ ಮೊದಲ ಅಭ್ಯಾಸ ಬಾಯಿ ಮುಚ್ಚಿಕೊಂಡು ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು, ಮೊದಲು ಮಾತಾಡದವರೂ ಮಾತಾಡಿದರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದ ಮಗುವಿಗೆ ಮೂರು ಸೆಕೆಂಡೂ ಸಾಲದು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಮೊದಮೊದಲು ಪ್ರಾಣಸಂಕಟ. ಮುಂದಿನ ಬೆಂಚಿನ ಚುರುಕು ಮಕ್ಕಳು ಕೈ ಎತ್ತಿಕೊಂಡು ಕುಣಿಯುತ್ತಿರುತ್ತಾರೆ, ಅವರನ್ನು ತಡೆದು ಕಾಯಬೇಕು.

ಕಳೆದ ವರ್ಷ ಹೀಗೆ ಕಾಯುತ್ತಿದ್ದಾಗಲೇ ಒಂದು ಘಟನೆ ನಡೆಯಿತು. ಬೋರ್ಡಿನ ಮೇಲೆ 1/2 + 1/4 ಬರೆದಿದ್ದೆ. ಚುರುಕಿನವರು 2/6 ಎಂದು ಕೂಗಿದರು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ, ಸುಮ್ಮನೆ ನಿಂತೆ. ಕೊನೆಯ ಬೆಂಚಿನ ಹುಡುಗಿಯ ತುಟಿ ಅಲುಗಿದ್ದು ಕಂಡಿತು. ಯಾದಗಿರಿ ಕಡೆಯವಳು, ಅವಳ ಅವ್ವ ತಳ್ಳುಬಂಡಿಯಲ್ಲಿ ತರಕಾರಿ ಮಾರುತ್ತಾಳೆ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಅರ್ಧ ಕಿಲೋ ಮ್ಯಾಲ ಪಾವ್ ಕಿಲೋ ಟೊಮ್ಯಾಟೊ ಕೇಳಿದ್ರ ನಿಮ್ಮವ್ವ ಹ್ಯಾಂಗ ತೂಗ್ತಾಳವ್ವ?"

"ಅರ್ಧದ ಕಲ್ಲು, ಇನ್ನೂರದ್ದು, ಐವತ್ತರದ್ದು ಇಡ್ತಾಳ್ರಿ. ಮುಕ್ಕಾಲ್ ಕಿಲೋ ಆಗ್ತದ."

ಅದನ್ನೇ ಬೋರ್ಡಿನ ಹತ್ತಿರ ಬಂದು ಹೇಳು, ಯಾವ ಭಾಷೆಯಲ್ಲಾದರೂ ಹೇಳು ಅಂದೆ. ಕನ್ನಡದಲ್ಲೇ ಹೇಳಿದಳು. 500, 200, 50 ಎಂದು ಒಂದರ ಕೆಳಗೊಂದು ಬರೆದಳು. ತೆಲುಗು ಹುಡುಗನೊಬ್ಬ ಪಕ್ಕದವನಿಗೆ ಅದನ್ನು ತೆಲುಗಿನಲ್ಲಿ ಹೇಳಿದ. 2/6 ಅಂದರೆ ಮೂರರಲ್ಲಿ ಒಂದು ಪಾಲು, ಅದು ಅರ್ಧಕ್ಕಿಂತ ಕಡಿಮೆ; ಕೂಡಿಸಿದ್ದು ಕಡಿಮೆಯಾಗುವುದು ಹೇಗೆ ಎಂದು ಆಮೇಲೆ ಅವರವರೇ ಜಗಳವಾಡಿದರು. ಆ ಪೀರಿಯಡ್ಡಿನಲ್ಲಿ ನನ್ನ ಕೆಲಸ ಅಷ್ಟೇ. ಇಂಗ್ಲಿಷಿನ ವಾಕ್ಯವನ್ನು ಕೊನೆಯಲ್ಲಿ ಎಲ್ಲರೂ ಸೇರಿ ಕಟ್ಟಿದೆವು.

"ಸೂಪರ್" ಎನ್ನುವುದು, ಚಪ್ಪಾಳೆ ತಟ್ಟಿಸುವುದು, ಸ್ಟಿಕ್ಕರ್ ಅಂಟಿಸುವುದು ಇವುಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಪುಕ್ಕಟೆ ಹೊಗಳಿಕೆ ಯಾವುದೆಂದು ಮಕ್ಕಳಿಗೆ ಗೊತ್ತಾಗುತ್ತದೆ. 1981ರಲ್ಲಿ ಜಪಾನಿನಲ್ಲಿ ಬಂದ 'ತೊತ್ತೋ-ಚಾನ್' ಕನ್ನಡದಲ್ಲೂ ಸಿಗುತ್ತದೆ, ನಿಮ್ಮಲ್ಲಿ ಹಲವರು ಓದಿರಬಹುದು. ಅದರಲ್ಲಿ ಬೆಳವಣಿಗೆ ನಿಂತ ಗಿಡ್ಡ ಕೈಕಾಲಿನ ಹುಡುಗ ತಕಾಹಾಶಿ ಕ್ರೀಡಾದಿನ ಎಲ್ಲ ಆಟಗಳಲ್ಲೂ ಗೆಲ್ಲುತ್ತಾನೆ. ಅವನ ದೇಹಕ್ಕೆ ಅನುಕೂಲವಾಗುವಂಥ ಆಟಗಳನ್ನೇ ಮುಖ್ಯೋಪಾಧ್ಯಾಯ ಕೊಬಾಯಾಶಿ ಹೂಡಿರುತ್ತಾರೆ. ಅವನಿಗೆ ಯಾರೂ ಧೈರ್ಯದ ಭಾಷಣ ಮಾಡಿರಲಿಲ್ಲ. ನನ್ನ ಹುಡುಗಿಗೆ ತಕ್ಕಡಿ ಅಂಥದ್ದೊಂದು ಆಟವಾಯಿತು ಎಂದುಕೊಳ್ಳುತ್ತೇನೆ. ಎಲ್ಲ ಮಕ್ಕಳಿಗೂ ಅಂಥದ್ದು ಹುಡುಕಿ ಕೊಡಲು ನನ್ನಿಂದ ಆಗಿಲ್ಲ. 38 ಮಕ್ಕಳು, 40 ನಿಮಿಷದ ಪೀರಿಯಡ್ಡು, ಮುಗಿಸಬೇಕಾದ ಪೋರ್ಷನ್. ಹಾಗಾಗಿ ಉತ್ತರವನ್ನು ಮೊದಲು ಪಕ್ಕದವರಿಗೆ ಹೇಳಿಸುತ್ತೇನೆ, ಆಮೇಲೆ ತರಗತಿಗೆ. ಯಾರ ವಾಕ್ಯವನ್ನೂ ನಾನು ಪೂರ್ತಿ ಮಾಡಿಕೊಡುವುದಿಲ್ಲ.

ತರಗತಿಯಲ್ಲಿ ಬೇರೆ ಭಾಷೆ ಕೇಳಿಬರುತ್ತದೆ ಎಂದು ಪೋಷಕರ ಸಭೆಯಲ್ಲಿ ಒಬ್ಬರು ಆಕ್ಷೇಪಿಸಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಫೀಸು ಕಟ್ಟುವುದೇ ಇಂಗ್ಲಿಷಿಗೆ. ಮಗುವಿನ ನೋಟ್‌ಬುಕ್ ಕೊಟ್ಟು ಓದಿ ನೋಡಿ ಅಂದೆ. ನೋಡಿದರು, ಮತ್ತೇನೂ ಹೇಳಲಿಲ್ಲ. ಒಪ್ಪಿದರೋ ಬಿಟ್ಟರೋ ಗೊತ್ತಿಲ್ಲ.

ಇನ್ನೊಂದು ಪದ್ಧತಿಯನ್ನೂ ಇಟ್ಟಿದ್ದೇನೆ. ನನ್ನ ಬೋರ್ಡಿನ ಮೇಲಿನ ತಪ್ಪನ್ನು ಯಾರು ಬೇಕಾದರೂ ಹಿಡಿಯಬಹುದು. ಬೇಕೆಂದೇ ತಪ್ಪು ಮಾಡಿ ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನನಗೆ ಆ ಕಷ್ಟ ಬೇಕಿಲ್ಲ, ತಾನಾಗಿಯೇ ಆಗುತ್ತವೆ. ಸಂಕ್ರಾಂತಿ ರಜೆ ಮುಗಿದ ವಾರ ಲೆಕ್ಕವೊಂದನ್ನು ಬಿಡಿಸಿ ಕೈಯ ಸುಣ್ಣ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಿಂದ ಧ್ವನಿ ಬಂತು: "ಟೀಚರ್, ಕೆಳಗ ಎಂಟು ಬರಬೇಕ್ರಿ." ತಿರುಗಿ ನೋಡಿದೆ. ನಾಲ್ಕು ಬರೆದಿದ್ದೆ. ಅಳಿಸಿ ಎಂಟು ಮಾಡಿದೆ. ಅವಳು ಆಗಲೇ ಮುಂದಿನ ಲೆಕ್ಕಕ್ಕೆ ಹೋಗಿದ್ದಳು.