ಪ್ರತಿಗಳ ಪ್ರಶ್ನೆ: ಮನೆಯ ಕಡತ ಸರ್ವರ್ ಮತ್ತು ಗಡಿನಾಡಿನ ಆಕರಗಳು

ಸೊಲ್ಲಾಪುರ ಮತ್ತು ಅಕ್ಕಲಕೋಟೆ ಪರಿಸರದ ಕನ್ನಡವನ್ನು ಕುರಿತ ಆಕರಗಳಲ್ಲಿ ಬಹುಪಾಲು ಸಂಶೋಧಕರ ಮನೆಗಳಲ್ಲಿಯೇ ಉಳಿದುಕೊಂಡಿದೆ. ಹಾಡುಗಾರರ ಧ್ವನಿಮುದ್ರಣಗಳು, ಮಠಗಳ ಹಸ್ತಪ್ರತಿಗಳ ಛಾಯಾಚಿತ್ರಗಳು, ಕನ್ನಡ ಶಾಲೆಗಳ ಹಳೆಯ ಕಾಗದಗಳು, ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿದ್ದ ವರ್ಷಗಳ ನೆನಪುಗಳು, 1950ರಲ್ಲಿ ಇದೇ ಊರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಕಂಡವರ ಮಾತುಗಳು ಇಂತಹವು. ಕರ್ನಾಟಕದ ಸಂಸ್ಥೆಗಳಿಗೆ ಇವು ಗಡಿಯಾಚೆಯ ಸಾಮಗ್ರಿ. ಮಹಾರಾಷ್ಟ್ರದ ಸಂಸ್ಥೆಗಳಿಗೆ ಅನ್ಯಭಾಷೆಯ ಸಾಮಗ್ರಿ. ಹೀಗಾಗಿ ಮನೆಯ ಮೂಲೆಯಲ್ಲಿರುವ ಕಡತ ಸರ್ವರ್ ಎಷ್ಟೋ ಸಲ ಈ ಸಾಮಗ್ರಿಯ ಏಕೈಕ ಪತ್ರಾಗಾರವಾಗಿರುತ್ತದೆ. ಅದರ ಜಾಗ ತುಂಬಿದಾಗ ಏನು ಮಾಡಬೇಕೆಂಬುದು ಆದ್ದರಿಂದ ಬರಿಯ ಯಂತ್ರದ ಪ್ರಶ್ನೆಯಲ್ಲ.

ಜಾಗ ತುಂಬುವ ಬಗೆ

ಧ್ವನಿ ಪತ್ರಾಗಾರಗಳ ಅಂತರರಾಷ್ಟ್ರೀಯ ಸಂಘದ ಕನಿಷ್ಠ ಶಿಫಾರಸಿನಂತೆ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮಾಡಿದ ಒಂದು ಗಂಟೆಯ ಸ್ಟೀರಿಯೋ ಮುದ್ರಣಕ್ಕೆ ಸುಮಾರು 1 ಗಿಗಾಬೈಟ್ ಬೇಕು. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಸಂಕೋಚಿಸದೆ ಇಟ್ಟರೆ 26 ಮೆಗಾಬೈಟ್. 200 ಪುಟಗಳ ಪುಸ್ತಕಕ್ಕೆ 5 ಗಿಗಾಬೈಟ್‌ಗೂ ಹೆಚ್ಚು. ಕೆಲವು ವರ್ಷಗಳ ಕ್ಷೇತ್ರಕಾರ್ಯದಲ್ಲಿ 4 ಟೆರಾಬೈಟ್‌ನ ಡಿಸ್ಕ್ ತುಂಬುವುದು ಸಹಜ. ಆಗ ಎದುರಾಗುವ ಎರಡು ಪ್ರಶ್ನೆಗಳನ್ನು ನಾವು ಒಂದೆಂದು ಭಾವಿಸುತ್ತೇವೆ. ಇನ್ನಷ್ಟು ಜಾಗ ಎಲ್ಲಿಂದ ಎಂಬುದು ಒಂದು. ಒಂದು ಡಿಸ್ಕ್ ಕೆಟ್ಟರೆ ಏನು ಉಳಿಯುತ್ತದೆ ಎಂಬುದು ಮತ್ತೊಂದು.

ಕನ್ನಡ ಸಾಹಿತ್ಯ ಚರಿತ್ರೆ ಎರಡನೆಯ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಕವಿಯ ‘ಭುವನೈಕರಾಮಾಭ್ಯುದಯ’ ಹೆಸರಾಗಿ ಮಾತ್ರ ಉಳಿದಿದೆ. ಅತ್ತಿಮಬ್ಬೆ ಬರೆಯಿಸಿದಳು, ಜೊತೆಗೆ ಹಂಚಿದಳು ಎಂಬುದನ್ನು ಗಮನಿಸಬೇಕು. ಸಾವಿರ ಪ್ರತಿಗಳೂ ಒಂದೇ ಭಂಡಾರದಲ್ಲಿದ್ದಿದ್ದರೆ ಒಂದೇ ಬೆಂಕಿ ಸಾಕಾಗುತ್ತಿತ್ತು.

ಜೋಡಿ ಮತ್ತು ಪ್ಯಾರಿಟಿ

ಅಗ್ಗದ ಹಲವು ಡಿಸ್ಕ್‌ಗಳನ್ನು ಕೂಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ‘ರೇಡ್’ ಎಂಬ ವಿಧಾನಕ್ಕೆ ಆ ಹೆಸರು ಬಂದದ್ದು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಪ್ರಕಟಿಸಿದ ಪ್ರಬಂಧದಿಂದ. ಅದರ ಸರಳ ರೂಪ ಜೋಡಿ ಡಿಸ್ಕ್: ಒಂದರಲ್ಲಿ ಬರೆದುದೆಲ್ಲ ಅದೇ ಕ್ಷಣ ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ. ಕೊಂಡ ಜಾಗದಲ್ಲಿ ಅರ್ಧ ಮಾತ್ರ ಬಳಕೆಗೆ ಸಿಗುತ್ತದೆ.

ಎರಡನೆಯದು ಪ್ಯಾರಿಟಿ. ಒಂದು ಡಿಸ್ಕ್‌ನಲ್ಲಿ 7, ಇನ್ನೊಂದರಲ್ಲಿ 5 ಇದ್ದು, ಮೂರನೆಯದರಲ್ಲಿ ಅವುಗಳ ಮೊತ್ತವಾದ 12 ಇದೆಯೆಂದುಕೊಳ್ಳೋಣ. ಯಾವುದೊಂದು ಕಳೆದರೂ ಉಳಿದೆರಡರಿಂದ ಅದನ್ನು ಮರಳಿ ಪಡೆಯಬಹುದು. ಯಂತ್ರದ ಲೆಕ್ಕ ಬಿಟ್‌ಗಳದು, ತತ್ತ್ವ ಇದೇ. ಸಮಾನ ಅಳತೆಯ ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಪ್ಯಾರಿಟಿಯಿದ್ದರೆ ಮೂರರಷ್ಟು ಜಾಗ ಸಿಗುತ್ತದೆ, ಒಂದರ ನಷ್ಟವನ್ನು ತಡೆದುಕೊಳ್ಳಬಹುದು. ಎರಡು ಪ್ಯಾರಿಟಿಯಿದ್ದರೆ ಎರಡರಷ್ಟು ಜಾಗ, ಎರಡರ ನಷ್ಟಕ್ಕೆ ತಡೆ.

ಆದರೆ ಇವು ಬ್ಯಾಕಪ್ ಅಲ್ಲ. ಗ್ರಂಥಸಂಪಾದನೆ ಬಲ್ಲವರಿಗೆ ಕಾರಣ ಬೇಗ ಹೊಳೆಯುತ್ತದೆ. ಒಂದೇ ಮಾತೃಕೆಯಿಂದ ಇಳಿದ ಎರಡು ಪ್ರತಿಗಳನ್ನು ನಾವು ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವುದಿಲ್ಲ. ಮಾತೃಕೆಯ ತಪ್ಪು ಎರಡರಲ್ಲೂ ಇರುತ್ತದೆ. ಜೋಡಿ ಡಿಸ್ಕ್‌ಗಳೂ ಹಾಗೆಯೇ. ಕೈತಪ್ಪಿ ಅಳಿಸಿದ ಕಡತ ಎರಡರಿಂದಲೂ ಅಳಿಯುತ್ತದೆ. ಕುತಂತ್ರಾಂಶ ಎರಡನ್ನೂ ಕೆಡಿಸುತ್ತದೆ. ಕಳವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ರೇಡ್ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ; ಸಂಗ್ರಹ ಉಳಿಯಬೇಕಾದರೆ ಸ್ವತಂತ್ರ ಪ್ರತಿ ಬೇಕು.

ವಿಸ್ತರಿಸುವ ಮೂರು ದಾರಿಗಳು

ಮೊದಲನೆಯದು, ಇರುವ ಜೋಡಿಯನ್ನು ದೊಡ್ಡದಾಗಿಸುವುದು. ಸರ್ವರ್‌ನಲ್ಲಿ ಒಂದು ಖಾಲಿ ಸ್ಥಾನವಿದ್ದರೆ, ಹಳೆಯದನ್ನು ತೆಗೆಯುವ ಮೊದಲು ಹೊಸ ಡಿಸ್ಕನ್ನು ಮೂರನೆಯ ಸಂಗಾತಿಯಾಗಿ ಸೇರಿಸಿ, ಪ್ರತಿ ಪೂರ್ಣಗೊಂಡ ಬಳಿಕ ಹಳೆಯದನ್ನು ಬಿಡಿಸುವುದು ಕ್ಷೇಮ. ಖಾಲಿ ಸ್ಥಾನವಿಲ್ಲದೆ ಒಂದನ್ನು ತೆಗೆದು ಹೊಸದನ್ನು ಹಾಕಿದರೆ, ಪ್ರತಿ ಮುಗಿಯುವವರೆಗೆ ಇಡೀ ಸಂಗ್ರಹ ಒಂಟಿ ಡಿಸ್ಕ್‌ನ ಮೇಲೆ ನಿಂತಿರುತ್ತದೆ. ಸೆಕೆಂಡಿಗೆ 150 ಮೆಗಾಬೈಟ್‌ನಂತೆ 8 ಟೆರಾಬೈಟ್ ಬರೆಯಲು ಸುಮಾರು 15 ಗಂಟೆ ಬೇಕು. ಸೊಲ್ಲಾಪುರದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಇಂತಹ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು, ಯುಪಿಎಸ್ ಜೋಡಿಸಿಕೊಳ್ಳುವುದು ಜಾಣತನ.

ಎರಡನೆಯದು, ಮತ್ತೊಂದು ಜೋಡಿಯನ್ನು ಸೇರಿಸುವುದು. ಝಡ್‌ಎಫ್‌ಎಸ್ ಬಳಸುವವರಿಗೆ ಇದು ಸುಲಭ. ಹೊಸ ಜೋಡಿಯ ಅಳತೆ ಹಳೆಯದರಷ್ಟೇ ಇರಬೇಕಾಗಿಲ್ಲ. ಆದರೆ ಜೋಡಿಯ ಬದಲು ಒಂಟಿ ಡಿಸ್ಕನ್ನು ಸೇರಿಸಿದರೆ ಇಡೀ ಸಂಗ್ರಹ ಆ ಒಂದರ ಆಯುಷ್ಯಕ್ಕೆ ಕಟ್ಟುಬೀಳುತ್ತದೆ.

ಮೂರನೆಯದು, ಪ್ಯಾರಿಟಿ ಗುಂಪನ್ನು ಅಗಲಿಸುವುದು. ಲಿನಕ್ಸ್‌ನ ಎಂಡಿಎಡಿಎಂನಲ್ಲಿ ಇದು ಬಹುಕಾಲದಿಂದ ಸಾಧ್ಯವಿದೆ. ಝಡ್‌ಎಫ್‌ಎಸ್‌ನಲ್ಲಿ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ ಬಂದದ್ದು 2025ರ ಜನವರಿಯ ಓಪನ್ ಝಡ್‌ಎಫ್‌ಎಸ್ 2.3ರಲ್ಲಿ. ಇದರಿಂದ ಜಾಗ ಹೆಚ್ಚುತ್ತದೆ, ಪ್ಯಾರಿಟಿಯ ಸಂಖ್ಯೆ ಹೆಚ್ಚುವುದಿಲ್ಲ. ಒಂದು ನಷ್ಟವನ್ನು ತಡೆಯುತ್ತಿದ್ದ ಗುಂಪು ಮುಂದೆಯೂ ಒಂದನ್ನೇ ತಡೆಯುತ್ತದೆ; ಕೆಡಬಹುದಾದ ಡಿಸ್ಕ್‌ಗಳ ಸಂಖ್ಯೆ ಮಾತ್ರ ಏರಿರುತ್ತದೆ. ಎರಡರಿಂದ ನಾಲ್ಕು ಡಿಸ್ಕ್‌ಗಳ ಮನೆಯ ಸಂಗ್ರಹಕ್ಕೆ ಜೋಡಿಗಳೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ.

ಪಾಠಶುದ್ಧಿ

ಹಸ್ತಪ್ರತಿಗಳಲ್ಲಿ ಸಂಧಿಯ ಅಥವಾ ಗ್ರಂಥದ ಕೊನೆಗೆ ಪದ್ಯಸಂಖ್ಯೆಯನ್ನು ನಮೂದಿಸುವ ರೂಢಿ ನಮಗೆ ಪರಿಚಿತ. ಎಣಿಸಿ ನೋಡಿದರೆ ಲೋಪವೋ ಪ್ರಕ್ಷೇಪವೋ ಆಗಿರುವುದು ತಿಳಿಯುತ್ತದೆ. ಚೆಕ್‌ಸಮ್ ಮಾಡುವುದೂ ಇದನ್ನೇ: ಕಡತದ ತುಣುಕುಗಳಿಗೆ ಒಂದು ಲೆಕ್ಕಸಂಖ್ಯೆಯನ್ನು ಬರೆದಿಟ್ಟು, ಓದುವಾಗ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಜೋಡಿಯ ಇನ್ನೊಂದು ಡಿಸ್ಕ್‌ನಿಂದ ಸರಿಯಾದ ಪಾಠವನ್ನು ತಂದು ತಿದ್ದುತ್ತದೆ. ತಿಂಗಳಿಗೊಮ್ಮೆ ಇಡೀ ಸಂಗ್ರಹವನ್ನು ಹೀಗೆ ಓದಿಸಿದರೆ ಯಾರೂ ತೆರೆಯದ ಕಡತಗಳೂ ಪರೀಕ್ಷೆಗೆ ಒಳಗಾಗುತ್ತವೆ.

ಕನ್ನಡದ ಕಡತಗಳಿಗೆ ಮತ್ತೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಸೊಲ್ಲಾಪುರ’ದ ‘ಸೊ’, ‘ಅಕ್ಕಲಕೋಟೆ’ಯ ‘ಕೋ’ ಇವುಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿದ ಭಾಗಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಭೇದ ಕಾಣದು. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳು ಕಡತದ ಹೆಸರನ್ನು ಬಿಡಿಸಿಡುತ್ತಿದ್ದವು. ಇತರ ಕಂಪ್ಯೂಟರ್‌ಗಳ ಕೀಲಿಮಣೆಗಳು ಸಾಮಾನ್ಯವಾಗಿ ಕೂಡಿಸಿ ಬರೆಯುತ್ತವೆ. ಹೀಗೆ ಒಂದೇ ಹೆಸರಿನ ಎರಡು ಕಡತಗಳು ಒಂದೇ ಕೋಶದಲ್ಲಿ ನೆಲೆಸಬಹುದು. ತಿದ್ದಿದ್ದು ಒಂದು, ಬೇರೆಡೆ ಪ್ರತಿಯಾದದ್ದು ಇನ್ನೊಂದು ಎಂಬ ಗೊಂದಲ ಹುಟ್ಟುತ್ತದೆ. ದೇವನಾಗರಿಯ ಓಕಾರ ಚಿಹ್ನೆಗೆ ಈ ಎರಡು ರೂಪಗಳಿಲ್ಲದ ಕಾರಣ ಮರಾಠಿಯಲ್ಲಿ ‘ಸೋಲಾಪೂರ’ ಎಂದು ಹೆಸರಿಟ್ಟ ಕಡತಕ್ಕೆ ಈ ಸಮಸ್ಯೆ ಬಾರದು. ಝಡ್‌ಎಫ್‌ಎಸ್‌ನಲ್ಲಿ ಎರಡು ರೂಪಗಳನ್ನೂ ಒಂದೆಂದು ಗಣಿಸುವ ಆಯ್ಕೆಯಿದೆ, ಆದರೆ ಸಂಗ್ರಹಭಾಗವನ್ನು ರಚಿಸುವಾಗಲೇ ಅದನ್ನು ಆರಿಸಬೇಕು, ಆಮೇಲೆ ಬದಲಿಸಲಾಗದು. ಹೊಸ ಡಿಸ್ಕ್‌ಗಳಿಗೆ ಸಾಮಗ್ರಿಯನ್ನು ಸಾಗಿಸುವ ಹೊತ್ತೇ ಅದಕ್ಕೆ ತಕ್ಕ ಸಮಯ.

ಎರಡು ಊರು, ಮೂರು ಪ್ರತಿ

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ಡಿಜಿಟಲ್ ಸಂರಕ್ಷಣೆಯ ರೂಢಿಯ ಸೂತ್ರ. ಸೊಲ್ಲಾಪುರಕ್ಕೂ ಅಕ್ಕಲಕೋಟೆಗೂ ಇರುವ ಅಂತರ ಸುಮಾರು 40 ಕಿಲೋಮೀಟರ್. ಎರಡೂ ಊರುಗಳ ಸಂಶೋಧಕರು ಪರಸ್ಪರರ ಪ್ರತಿಯನ್ನು ಇಟ್ಟುಕೊಂಡರೆ ಸೂತ್ರದ ಕಠಿಣ ಭಾಗ ಈಡೇರುತ್ತದೆ. ಸೆಕೆಂಡಿಗೆ 20 ಮೆಗಾಬಿಟ್ ಕಳಿಸುವ ಸಂಪರ್ಕದಲ್ಲಿ 4 ಟೆರಾಬೈಟ್ ಸಾಗಲು ಹದಿನೆಂಟು ದಿನಕ್ಕೂ ಹೆಚ್ಚು ಬೇಕಾದುದರಿಂದ ಮೊದಲ ಪ್ರತಿಯನ್ನು ಡಿಸ್ಕ್‌ನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ಯುವುದೇ ಸರಿ. ಆಮೇಲಿನ ಬದಲಾವಣೆಗಳು ಮಾತ್ರ ಅಂತರ್ಜಾಲದ ಮೂಲಕ ಹೋಗಲಿ. ಪರರ ಮನೆಯಲ್ಲಿರುವ ಪ್ರತಿಗೆ ಗೂಢಲಿಪೀಕರಣ ಬೇಕು, ಏಕೆಂದರೆ ಮಾತನಾಡಿದವರು ನಮ್ಮನ್ನು ನಂಬಿ ಮಾತನಾಡಿದ್ದಾರೆ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಕೆಲವು ಕಡತಗಳನ್ನು ಮರಳಿ ತೆರೆದು ನೋಡಬೇಕು.

ಕೊನೆಯದಾಗಿ, ಯಾವ ಡಿಸ್ಕ್‌ನಲ್ಲಿ ಏನಿದೆ, ಗುಪ್ತಪದ ಯಾರ ಬಳಿಯಿದೆ, ನಮ್ಮ ಕಾಲಾನಂತರ ಯಾರಿಗೆ ತಲುಪಬೇಕು ಎಂಬುದನ್ನು ಒಂದು ಕಾಗದದ ಮೇಲೆ ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಬರೆದು ಸರ್ವರ್‌ನ ಪಕ್ಕದಲ್ಲಿಡಬೇಕು. ಮರಾಠಿ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಮನೆಯ ಕನ್ನಡ ಕಿವಿಗೆ ತಿಳಿದರೂ ಕಣ್ಣಿಗೆ ತಿಳಿಯದಿರಬಹುದು. ಮುಂದೆ ಆ ಪೆಟ್ಟಿಗೆಯನ್ನು ಇಟ್ಟುಕೊಳ್ಳಬೇಕೋ ಗುಜರಿಗೆ ಹಾಕಬೇಕೋ ಎಂದು ತೀರ್ಮಾನಿಸುವವರು ಅವರೇ.