ಕಬ್ಬನ್ ರಸ್ತೆಯ ಕೊಳವೆವಾದ್ಯ

ಕಾಚಿಗುಡದಲ್ಲಿ ರೈಲು ಹತ್ತಿ ರಜೆಗೆಂದು ಬೆಂಗಳೂರಿಗೆ ಹೋಗುವ ನಮ್ಮವರು ಲಾಲ್‌ಬಾಗು ನೋಡುತ್ತಾರೆ, ವಿಧಾನಸೌಧ ನೋಡುತ್ತಾರೆ, ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುತ್ತಾರೆ. ಕಬ್ಬನ್ ರಸ್ತೆಯ ಸಂತ ಆಂಡ್ರೂಸ್ ಚರ್ಚಿನ ಕಡೆಗೆ ತಿರುಗುವವರು ವಿರಳ. 1866ರಲ್ಲಿ ಬಾಗಿಲು ತೆರೆದ ಆ ಚರ್ಚಿನಲ್ಲಿ 1881ರಲ್ಲಿ ಒಂದು ಪೈಪ್ ಆರ್ಗನ್ ಸ್ಥಾಪಿಸಿದರು. ಕಟ್ಟಿದವರು ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕಾನಕರ್ ಕಂಪನಿಯವರು.

ಆರ್ಗನ್ ಎಂದೊಡನೆ ನಮಗೆ ಕಂಪನಿ ನಾಟಕದ ಕಾಲು ಹಾರ್ಮೋನಿಯಂ ನೆನಪಾಗುವುದು ಸಹಜ. ಆದರೆ ಹಾರ್ಮೋನಿಯಂನಲ್ಲಿ ಗಾಳಿಗೆ ಮಿಡಿಯುವುದು ಲೋಹದ ನಾಲಗೆ. ಪೈಪ್ ಆರ್ಗನ್ನಿನ ಬಹುಪಾಲು ಕೊಳವೆಗಳು ಕೊಳಲಿನ ಬಳಗದವು. ಕೊಳಲಿನಲ್ಲಿ ಬಿದಿರು ಒಂದು, ತೂತು ಹಲವು. ಇಲ್ಲಿ ಸ್ವರಕ್ಕೊಂದು ಕೊಳವೆ. ಎಂಟಡಿಯ ಕೊಳವೆ ನುಡಿದ ಸ್ವರವನ್ನೇ ನಾಲ್ಕಡಿಯದು ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ.

ಆ ಕಾಲದ ಸಣ್ಣ ಆರ್ಗನ್ನುಗಳ ಒಳಗಿನ ಏರ್ಪಾಟು ಸೊಗಸಾದದ್ದು. ತಿದಿಯೊತ್ತಿದ ಗಾಳಿ ಮರದ ಪೆಟ್ಟಿಗೆಯಲ್ಲಿ ತುಂಬಿ ಕಾದಿರುತ್ತದೆ. ಕೀ ಒತ್ತಿದೊಡನೆ ಅದಕ್ಕೆ ಕೂಡಿಸಿದ ತೆಳುವಾದ ಮರದ ಪಟ್ಟಿ ಜಗ್ಗಿ, ಪೆಟ್ಟಿಗೆಯ ಪುಟ್ಟ ಕದವೊಂದನ್ನು ತೆರೆಯುತ್ತದೆ. ಕೊಳವೆ ಉಸಿರು ಪಡೆದು ನುಡಿಯುತ್ತದೆ. ಬೆರಳಿಗೂ ಗಾಳಿಗೂ ನಡುವೆ ಇರುವುದು ಪಟ್ಟಿ, ಸನ್ನೆಗಳಷ್ಟೇ. (ನಮ್ಮ ಕಛೇರಿಯ ಕಡತಗಳೂ ಇಷ್ಟು ನೇರವಾಗಿ ಸಾಗಿದ್ದರೆ!) ಕದ ತೆರೆಯುವ ಆ ಚಿಕ್ಕ ಬಿಗುವು ನುಡಿಸುವವನ ಬೆರಳಿಗೇ ತಿಳಿಯುತ್ತದೆ. ವಿದ್ಯುತ್ ಪಂಕ ಬರುವ ಮುನ್ನ ತಿದಿಯೊತ್ತಲು ಮರೆಯಲ್ಲೊಬ್ಬ ಆಳು ಬೇಕಾಗಿತ್ತು. ಅವನು ಕೈಬಿಟ್ಟರೆ ಹಾಡಿನ ನಡುವೆಯೇ ವಾದ್ಯ ಮೂಕ.

ಇಂಥ ವಾದ್ಯವನ್ನು ನಮ್ಮ ಹವೆಯಲ್ಲಿ ಬಾಳಿಸುವುದು ಸುಲಭವಲ್ಲ. ಬೇಸಿಗೆಯಲ್ಲಿ ಕೊಳವೆಯ ಗಾಳಿ ಕಾದು ಶ್ರುತಿ ಏರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಕದಗಳು ಬಿಗಿಯುತ್ತವೆ. ತಿದಿಯ ತೊಗಲು ಬಿರಿಯುತ್ತದೆ. ಗೆದ್ದಲು, ಇಲಿಗಳ ಕಾಟ ಬೇರೆ. ಮರ, ತೊಗಲಿನ ಕೆಲಸವನ್ನು ಸೂಕ್ಷ್ಮ ಕೈಯ ಬಡಗಿಗೆ ಕಲಿಸಬಹುದು. ಶ್ರುತಿ ಮಾಡುವ ವಿದ್ಯೆಯೇ ಕಷ್ಟದ್ದು. ಹೊರಗೊಬ್ಬ ಕೀ ಒತ್ತಿ ಹಿಡಿದಿರಬೇಕು. ಒಳಗೆ ನುಸುಳಿದ ಇನ್ನೊಬ್ಬ ಕೊಳವೆಗಳ ಬಾಯನ್ನು ಒಂದೊಂದಾಗಿ ಸರಿಪಡಿಸುತ್ತ ಬರಬೇಕು. ಇದನ್ನು ಬಲ್ಲವರು ನಮ್ಮ ದೇಶದಲ್ಲಿ ಬಹಳ ಕಡಮೆ. ಅವರ ಕೈಕೆಳಗೆ ಹುಡುಗರು ಕಲಿಯದಿದ್ದರೆ ಆರ್ಗನ್ನು ಚೆಂದದ ಬೀರುವಾಗಿ ನಿಂತೀತು.

ವಿದ್ಯುತ್ ಕೀಬೋರ್ಡು ಅಗ್ಗ, ಅದಕ್ಕೆ ಹೆಚ್ಚು ಜಾಗವೂ ಬೇಡ, ಒಪ್ಪಿದೆ. ಅದು ಕೆಟ್ಟಾಗ ಬಿಡಿಭಾಗ ಸಿಗುವುದು ಎಷ್ಟು ವರ್ಷ? ನನ್ನ ಮಟ್ಟಿಗೆ ಆರ್ಗನ್ನಿನ ಪಕ್ಷವೇ ಸರಿ. ಬೆಂಗಳೂರಿಗೆ ಹೋಗುವವರು, ಮೊದಲೇ ವಿಚಾರಿಸಿಕೊಂಡು, ಒಂದು ಸಲ ಮಕ್ಕಳನ್ನು ಅದರ ಹತ್ತಿರ ಕರೆದೊಯ್ಯಲಿ.